ಪಟ್ಟಣವನ್ನು ನಡೆದೇ ನೋಡಬೇಕು

ಕೊಯಮತ್ತೂರು, ಕಿಣತ್ತುಕಡವು, ಪೊಳ್ಳಾಚಿ ಕಡೆಯಿಂದ ಮೈಸೂರು ನೋಡಲು ಹೊರಡುವ ಪ್ರವಾಸದ ಗಾಡಿಗಳ ಲೆಕ್ಕಾಚಾರ ಹೆಚ್ಚುಕಡಿಮೆ ಒಂದೇ. ಸತ್ಯಮಂಗಲ ದಾಟಿ, ದಿಂಬಂ ಘಟ್ಟದ 27 ತಿರುವುಗಳನ್ನು ಹತ್ತಿ, ಚಾಮರಾಜನಗರದ ಮೇಲೆ ಹಾದು ಮೈಸೂರು ಸೇರುವುದು. ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ ಮುಗಿಸಿ, ಸಂಜೆ ಬೃಂದಾವನದ ದೀಪ ನೋಡುವ ಮೊದಲು ಮಿಕ್ಕ ಒಂದೂವರೆ ಗಂಟೆಯನ್ನು ಶ್ರೀರಂಗಪಟ್ಟಣಕ್ಕೆ ಕೊಡುವುದು. ಅಷ್ಟರಲ್ಲಿ ಗಾಡಿ ರಂಗನಾಥನ ಗುಡಿಯ ಮುಂದೆ ಒಮ್ಮೆ, ದರಿಯಾ ದೌಲತ್ ತೋಟದ ಮುಂದೆ ಒಮ್ಮೆ, ಗುಂಬಜ್ ಮುಂದೆ ಒಮ್ಮೆ ನಿಲ್ಲುತ್ತದೆ. ಹೊಳೆ ದಾಟಿ ದ್ವೀಪದೊಳಕ್ಕೆ ಬಂದದ್ದಾಗಲಿ, ಮತ್ತೆ ಹೊಳೆ ದಾಟಿ ಹೊರಬಿದ್ದದ್ದಾಗಲಿ ಗಾಡಿಯೊಳಗೆ ಕೂತವರ ಅರಿವಿಗೆ ಬರುವುದು ಕಡಿಮೆ. ಹೀಗೆ ನೋಡಿ ಹೋದವರು ಮೂರು ಕಟ್ಟಡಗಳನ್ನು ನೋಡಿರುತ್ತಾರೆ, ಪಟ್ಟಣವನ್ನು ನೋಡಿರುವುದಿಲ್ಲ. 189 ವರ್ಷ ಒಂದು ರಾಜ್ಯದ ರಾಜಧಾನಿಯಾಗಿದ್ದ ಈ ಊರಿನ ಮುಖ್ಯ ಸ್ಮಾರಕ ಯಾವ ಕಟ್ಟಡವೂ ಅಲ್ಲ, ಕಾವೇರಿಯ ಎರಡು ಕವಲುಗಳ ನಡುವಿನ ಆ ನೆಲವೇ. ಆ ನೆಲ ತಿಳಿಯಬೇಕಾದರೆ ಒಂದು ಹಗಲು ಪೂರ್ತಿ ಅದರ ಮೇಲೆ ನಡೆಯಬೇಕು ಎಂಬುದು ಈ ಲೇಖನದ ವಾದ.

ಇದನ್ನು ಕೊಂಗು ಸೀಮೆಯ ಓದುಗರಿಗೆ ಹೇಳಲು ಬೇರೆ ಕಾರಣವೂ ಇದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ದೇವಾಂಗ, ಒಕ್ಕಲಿಗ ಕುಟುಂಬಗಳು ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಬಹಳ. ಅವರಿಗೆ ಶ್ರೀರಂಗಪಟ್ಟಣ ಪರರಾಜ್ಯದ ಪ್ರವಾಸಿ ತಾಣ ಮಾತ್ರವಲ್ಲ. 17ನೇ ಶತಮಾನದಲ್ಲಿ ಮೈಸೂರಿನ ಕೈಸೇರಿದ ಕೊಂಗು ನಾಡು, ಯುದ್ಧಕಾಲದ ಏರುಪೇರುಗಳನ್ನು ಬಿಟ್ಟರೆ, 1799ರವರೆಗೆ ಈ ದ್ವೀಪಕ್ಕೇ ಕಂದಾಯ ಕಟ್ಟಿತು. ಆಗಿನ ದಾರಿ ಗಜ್ಜಲಹಟ್ಟಿ ಘಟ್ಟದ್ದು. ಆ ದಾರಿಯನ್ನು ಕಾಯುತ್ತಿದ್ದ ದಣ್ಣಾಯಕನಕೋಟೆ ಈಗ ಭವಾನಿಸಾಗರದ ನೀರಿನಡಿ ಇದೆ. 1791ರ ನವೆಂಬರಿನಲ್ಲಿ ಕೊಯಮತ್ತೂರಿನ ಕೋಟೆ ಟಿಪ್ಪುವಿನ ಪಡೆಗೆ ಶರಣಾದಾಗ ಅಲ್ಲಿದ್ದ ಚಾಮರ್ಸ್ ಎಂಬ ಇಂಗ್ಲಿಷ್ ಅಧಿಕಾರಿಯನ್ನು ಸೆರೆಯಾಳಾಗಿ ಒಯ್ದದ್ದು ಈ ದ್ವೀಪಕ್ಕೆ. ಮರುವರ್ಷದ ಫೆಬ್ರವರಿಯಲ್ಲಿ ಸಂಧಿಯ ಮಾತು ಹೊತ್ತು ಹೊರಬಂದವನೂ ಅವನೇ. ಟಿಪ್ಪುವಿನ ಬಳಿಕ ಮೈಸೂರನ್ನು ನಡೆಸಿದ ದಿವಾನ್ ಪೂರ್ಣಯ್ಯ ಹುಟ್ಟಿದ್ದು ಕೊಂಗು ಸೀಮೆಯಲ್ಲಿ.

ಮೊದಲು ಊರಿನ ಆಕಾರ ತಿಳಿಯಬೇಕು. ಪಶ್ಚಿಮದಿಂದ ಹರಿದು ಬರುವ ಕಾವೇರಿ ಇಲ್ಲಿ ಎರಡಾಗಿ ಒಡೆದು, ಪೂರ್ವದ ಸಂಗಮದಲ್ಲಿ ಮತ್ತೆ ಒಂದಾಗುತ್ತದೆ. ನಡುವೆ ಉಳಿದ ನೆಲ ಸುಮಾರು ಐದು ಕಿಲೋಮೀಟರ್ ಉದ್ದ, ಒಂದೂವರೆ ಕಿಲೋಮೀಟರ್ ಅಗಲ. ಕೋಟೆ ಪಶ್ಚಿಮದ ತುದಿಯಲ್ಲಿ, ಗಂಜಾಂ ಪೇಟೆ ನಡುವಿನಿಂದ ಪೂರ್ವಕ್ಕೆ, ಗುಂಬಜ್‌ನೊಳಗೆ ಹೈದರಾಲಿ, ಟಿಪ್ಪು ಮಲಗಿರುವ ಲಾಲ್‌ಬಾಗ್ ಪೂರ್ವದ ತುದಿಗೆ ಹತ್ತಿರ. ಈ ಅಳತೆ ನಡೆಯುವವರ ಅಳತೆ. ಸುತ್ತ ನೀರಿರುವ ರಾಜಧಾನಿ ಹೊರಕ್ಕೆ ಹಬ್ಬಲಾರದು, ಬೆಳೆದಷ್ಟೂ ಒಳಗೊಳಗೇ ಒತ್ತಾಗುತ್ತದೆ. ಇಂದಿಗೂ ಹಾಗೆ ಬಾಳುತ್ತಿರುವ ಊರೆಂದರೆ ಮಾಲ್ಡೀವ್ಸ್‌ನ ರಾಜಧಾನಿ ಮಾಲೆ: ಸುಮಾರು ಎರಡು ಚದರ ಕಿಲೋಮೀಟರಿನ ದ್ವೀಪದಲ್ಲಿ ಲಕ್ಷಕ್ಕೂ ಮೀರಿದ ಜನ, ವಿಮಾನ ನಿಲ್ದಾಣಕ್ಕೂ ಬೇರೆ ದ್ವೀಪ. ಅಲ್ಲಿನ ಹವಳಕಲ್ಲಿನ ಹಳೆಯ ಶುಕ್ರವಾರದ ಮಸೀದಿ ಮುಗಿದದ್ದು 1658ರಲ್ಲಿ. ಆಗ ನಮ್ಮ ದ್ವೀಪದಲ್ಲಿ ರಣಧೀರ ಕಂಠೀರವ ನರಸರಾಜ ಒಡೆಯರ ಆಳ್ವಿಕೆಯ ಕಡೆಯ ದಿನಗಳು. ಮಾಲೆಗೆ ಹೋದ ಪ್ರವಾಸಿ ಬೀದಿ ಬೀದಿ ನಡೆಯುತ್ತಾನೆ. ಶ್ರೀರಂಗಪಟ್ಟಣದ ನಡುವೆ ಹೆದ್ದಾರಿ ಬಂತು, ರೈಲು ಬಂತು, ಹಾಗಾಗಿ ಇದೂ ದ್ವೀಪವೆಂಬುದು ನಮ್ಮ ಮನಸ್ಸಿನಿಂದ ಜಾರಿತು.

ನಡೆಯುವವರು ಹೊಳೆಯ ದಂಡೆಯಿಂದ ಶುರುಮಾಡಬೇಕು, ಕೋಟೆಯ ವಾಯವ್ಯ ಮೂಲೆಯಿಂದ. ಬೇಸಿಗೆಯಲ್ಲಿ ಅಲ್ಲಿ ನಿಂತರೆ ಕಾವೇರಿಯ ಪಾತ್ರದ ಬಂಡೆಗಳು ತಲೆಯೆತ್ತಿ ಕಾಣುತ್ತವೆ, ನೀರು ಅವುಗಳ ನಡುವೆ ಅಲ್ಲಲ್ಲಿ ಹರಿದಿರುತ್ತದೆ. 1799ರ ಯುದ್ಧ ಅರ್ಥವಾಗಬೇಕಾದರೆ ಇಷ್ಟು ಕಂಡರೆ ಸಾಕು. ಈ ದ್ವೀಪಕ್ಕೆ ದೊಡ್ಡ ಕಾವಲು ಮಳೆಗಾಲದ ಹೊಳೆ. ಕೊಡಗಿನಲ್ಲಿ ಮಳೆ ಹಿಡಿದರೆ ಎರಡೂ ಕವಲು ತುಂಬಿ, ಎಷ್ಟೇ ದೊಡ್ಡ ಸೇನೆಯಾದರೂ ದಡದಲ್ಲೇ ನಿಲ್ಲಬೇಕಾಗುತ್ತಿತ್ತು. ಏಪ್ರಿಲ್ ಮೊದಲ ವಾರ ಕೋಟೆಯೆದುರು ಬಿಡಾರ ಹೂಡಿದ ಇಂಗ್ಲಿಷ್ ಜನರಲ್ ಹ್ಯಾರಿಸ್‌ಗೆ ಇದ್ದದ್ದು ಕೆಲವೇ ವಾರ, ಮಳೆ ಬರುವಷ್ಟರಲ್ಲಿ ಮುಗಿಸಬೇಕಿತ್ತು. ಒಳಗಿದ್ದ ಟಿಪ್ಪು ಮಳೆ ಬರುವವರೆಗೆ ತಡೆದು ನಿಂತರೆ ಗೆದ್ದಂತೆ. ತೋಪುಗಳು ಗೋಡೆಯಲ್ಲಿ ಬಿರುಕು ತೆಗೆದವು. ಮೇ 4ರ ನಡುಹಗಲು, ಬಿಸಿಲಿಗೆ ಕಾವಲಿನವರು ಉಣ್ಣಲು ಹೋಗುವ ಹೊತ್ತಿಗೆ, ದಾಳಿಯ ಮುಂದಾಳು ಬೇರ್ಡ್‌ನ ಸೈನಿಕರು ಆ ಬಂಡೆಗಳ ಮೇಲೆ ಓಡಿ ಬಂದರು. ಈ ಬೇರ್ಡ್ ಹಿಂದೆ ಇದೇ ಕೋಟೆಯಲ್ಲಿ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದವನು. ಹತ್ತಿದ ಪಡೆ ಎರಡಾಗಿ ಸೀಳಿ, ಒಂದು ಉತ್ತರದ ಗೋಡೆ, ಇನ್ನೊಂದು ದಕ್ಷಿಣದ ಗೋಡೆ ಹಿಡಿದು ಪೂರ್ವದಲ್ಲಿ ಕೂಡಿಕೊಂಡಿತು. ಸುಮಾರು ಎರಡು ಗಂಟೆಯೊಳಗೆ ಕೋಟೆಯ ಗೋಡೆಗಳೆಲ್ಲ ಅವರ ಕೈಯಲ್ಲಿದ್ದವು. ಒಂದು ರಾಜ್ಯದ ಹಣೆಬರಹ ತೀರ್ಮಾನವಾದದ್ದು ಆ ಎರಡು ಗಂಟೆಯ ನಡಿಗೆಯಲ್ಲಿ. ಅದೇ ಉತ್ತರದ ಗೋಡೆಯ ಗುಂಟ ಇಂದು ಯಾರು ಬೇಕಾದರೂ ನಡೆಯಬಹುದು: ಬಿರುಕಿನ ಜಾಗದಲ್ಲಿ 1907ರಲ್ಲಿ ನಿಲ್ಲಿಸಿದ ಸ್ತಂಭ, ಮುಂದೆ ಬೈಲಿ ಎಂಬ ಇಂಗ್ಲಿಷ್ ಅಧಿಕಾರಿಯ ಹೆಸರು ಹೊತ್ತ ನೆಲಮಾಳಿಗೆಯ ಸೆರೆಮನೆ, ನೀರುಬಾಗಿಲು, ಟಿಪ್ಪುವಿನ ದೇಹ ಸಿಕ್ಕಿದ ಸ್ಥಳ. ಇವುಗಳ ನಡುವಿನ ದೂರವೇ ಆ ದಿನದ ಕಥೆಯನ್ನು ಹೇಳುತ್ತದೆ. ಗಾಡಿಯಲ್ಲಿ ಕೂತು ಒಂದೊಂದನ್ನೇ ಬೇರೆಬೇರೆಯಾಗಿ ನೋಡಿದರೆ ಅವು ಒಂದು ಕಲ್ಲು, ಒಂದು ಗುಹೆ, ಒಂದು ಫಲಕ.

ಕೋಟೆಯೊಳಗೆ ನಡೆದರೆ ಕಾಲ ಇನ್ನೂ ಹಿಂದಕ್ಕೆ ಸರಿಯುತ್ತದೆ. ರಂಗನಾಥನ ಗುಡಿಯ ಮೂಲವನ್ನು ಗಂಗರ ಕಾಲದ 894ಕ್ಕೆ ಒಯ್ಯುತ್ತಾರೆ. ಶಿವನಸಮುದ್ರದಲ್ಲಿ ಮಧ್ಯರಂಗ, ತಿರುಚಿಯ ಶ್ರೀರಂಗದಲ್ಲಿ ಅಂತ್ಯರಂಗ, ಇಲ್ಲಿಯವನು ಆದಿರಂಗ. ಮೂವರೂ ಕಾವೇರಿಯ ದ್ವೀಪಗಳಲ್ಲೇ ಪವಡಿಸಿದವರು. ಶ್ರೀರಂಗಕ್ಕೆ ಹೋದ ಭಕ್ತರು ಪ್ರಾಕಾರದ ಮೇಲೆ ಪ್ರಾಕಾರ ದಾಟುತ್ತ ಒಳಗೆ ಹೋಗುತ್ತಾರೆ, ಆ ನಡಿಗೆ ದರ್ಶನದ ಭಾಗವೆಂದೇ ಅವರಿಗೆ ಗೊತ್ತು. ಪಟ್ಟಣದಲ್ಲಿಯೂ ಗುಡಿಯನ್ನು ಬಳಸಿದ ಪ್ರಾಕಾರಗಳಿವೆ, ಅವು ಕೋಟೆಯ ಗೋಡೆಗಳ ರೂಪದಲ್ಲಿವೆ ಅಷ್ಟೇ. 1454ರಲ್ಲಿ ವಿಜಯನಗರದ ಪರವಾಗಿ ಇಲ್ಲಿದ್ದ ನಾಗಮಂಗಲದ ತಿಮ್ಮಣ್ಣ ಹೆಬ್ಬಾರ ಕೋಟೆ ಕಟ್ಟಿಸಿದ. ಅದಕ್ಕೆ ಕಳಸವಾಡಿಯ ನೂರೊಂದು ಬಸದಿಗಳ ಕಲ್ಲು ಬಂತೆಂಬ ಮಾತಿದೆ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಪಟ್ಟಣ ಪಡೆದು ಅದೇ ವರ್ಷ ದಸರಾ ಆಚರಿಸಿದರು, ಈಗ ಮೈಸೂರಿನದೆಂದು ನಾವೆಲ್ಲ ಹೇಳುವ ದಸರಾ ಶುರುವಾದದ್ದು ಇಲ್ಲಿ. ರಂಗನಾಥನ ಗುಡಿಯಿಂದ ಸ್ವಲ್ಪವೇ ನಡೆದರೆ ನರಸಿಂಹಸ್ವಾಮಿಯ ಗುಡಿ. ಅದನ್ನು ಕಟ್ಟಿಸಿದ ಕಂಠೀರವ ನರಸರಾಜರ ಕಲ್ಲಿನ ಪ್ರತಿಮೆ ಅದರೊಳಗೆ ನಿಂತಿದೆ. ಮೈಸೂರು ಅರಸರ ಇಷ್ಟು ಹಳೆಯ ಪ್ರತಿಮೆಯನ್ನು ನೋಡದೆ ಹೋಗುವುದು ನಷ್ಟವೇ, ಆದರೆ ಪ್ರವಾಸದ ಗಾಡಿಗಳ ಪಟ್ಟಿಯಲ್ಲಿ ಈ ಗುಡಿ ಸಾಮಾನ್ಯವಾಗಿ ಇರುವುದಿಲ್ಲ. ರಂಗನಾಥನ ಗುಡಿಯ ಎದುರಿನ ಬಯಲಿನಲ್ಲಿ ಟಿಪ್ಪುವಿನ ಲಾಲ್ ಮಹಲ್ ಇತ್ತು. ಈಗ ತಳಪಾಯದ ಗುರುತು ಮಾತ್ರ. ದೇವರ ಬಾಗಿಲಿಗೂ ಅರಮನೆಯ ಬಾಗಿಲಿಗೂ ನಡುವೆ ಎಷ್ಟು ಅಂತರವಿತ್ತೆಂಬುದನ್ನು ಹೆಜ್ಜೆಯಿಂದ ಅಳೆದು ನೋಡಿದವರಿಗೆ ಆ ಕಾಲದ ಬಗ್ಗೆ ಇಂದು ನಡೆಯುವ ಎಷ್ಟೋ ವಾದಗಳು ಅವಸರದವು ಎನಿಸುತ್ತದೆ.

ಇನ್ನು ಜನದ ಮಾತು. 1800ರಲ್ಲಿ, ಪಟ್ಟಣ ಬಿದ್ದ ಮರುವರ್ಷ, ಈಸ್ಟ್ ಇಂಡಿಯಾ ಕಂಪನಿಯ ಅಪ್ಪಣೆಯ ಮೇಲೆ ದೇಶ ಸುತ್ತಲು ಬಂದ ವೈದ್ಯ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಮನೆಗಳ ಲೆಕ್ಕ ಬರೆದಿಟ್ಟ. ಕೋಟೆಯೊಳಗೆ 4,163 ಮನೆ, ಶಹರ್ ಗಂಜಾಂನಲ್ಲಿ 2,216 ಮನೆ. ಮನೆಗೆ ಐವರಂತೆ ಹಿಡಿದರೆ ಒಟ್ಟು ಸುಮಾರು 32 ಸಾವಿರ ಜನ. ಟಿಪ್ಪುವಿನ ಕಾಲದಲ್ಲಿ ಇದೇ ದ್ವೀಪದಲ್ಲಿ ಒಂದೂವರೆ ಲಕ್ಷ ಜನರಿದ್ದಿರಬೇಕೆಂದು ಅವನ ಅಂದಾಜು. ಅಂದಾಜಿನಲ್ಲಿ ಹೆಚ್ಚುಕಡಿಮೆ ಇರಬಹುದು. ಅರ್ಧಕ್ಕೆ ಇಳಿಸಿಕೊಂಡರೂ ಆ ನೆಲಕ್ಕೆ ಅದು ಕಿಕ್ಕಿರಿದ ಊರೇ: ಅರಮನೆ, ಕಚೇರಿ, ಮದ್ದಿನ ಮನೆ, ಟಂಕಸಾಲೆ, ಕುದುರೆಲಾಯ, ಸೈನಿಕರು, ಅವರ ಸಂಸಾರ, ಅವರಿಗೆ ಅಕ್ಕಿ ಅಳೆಯುವವರು, ಬಟ್ಟೆ ನೇಯುವವರು. ಗಂಜಾಂ ತುಂಬಿದ್ದು ತಾನಾಗಿ ಅಲ್ಲ. ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಕರೆತಂದು ಟಿಪ್ಪು ಈ ಪೇಟೆ ಕಟ್ಟಿಸಿದನೆಂದು ಮೈಸೂರಿನ ಗ್ಯಾಸೆಟಿಯರ್ ಹೇಳುತ್ತದೆ. ಬುಕಾನನ್ ಅದೇ ವರ್ಷದ ಕೊನೆಗೆ ಕೊಯಮತ್ತೂರಿಗೂ ಪೊಳ್ಳಾಚಿಗೂ ಬಂದ. ಪೊಳ್ಳಾಚಿಯಲ್ಲಿ ಮಡಕೆಯೊಳಗೆ ರೋಮನ್ ನಾಣ್ಯ ಸಿಕ್ಕಿದ ಸುದ್ದಿಯನ್ನು ಬರೆದದ್ದೂ ಅವನೇ. ಖಾಲಿಯಾಗುತ್ತಿದ್ದ ರಾಜಧಾನಿಯನ್ನೂ ಅದು ಆಳುತ್ತಿದ್ದ ಸೀಮೆಯನ್ನೂ ಒಂದೇ ವರ್ಷದಲ್ಲಿ ಕಂಡವನಾದ್ದರಿಂದ ಅವನ ಲೆಕ್ಕಕ್ಕೆ ಬೆಲೆ ಹೆಚ್ಚು.

ಇಲ್ಲಿಯೇ ಮೊದಲ ಆಕ್ಷೇಪ ಏಳುತ್ತದೆ. ಆ ಜನವೂ ಇಲ್ಲ, ಆ ಬೀದಿಗಳೂ ಇಲ್ಲ, ಲಾಲ್ ಮಹಲೂ ಇಲ್ಲ. ಉಳಿದ ನಾಲ್ಕಾರು ಕಟ್ಟಡಗಳು ಒಂದಕ್ಕೊಂದು ದೂರ, ನಡುವೆ ಗದ್ದೆ, ಕಬ್ಬಿನ ತೋಟ. ಏನೂ ಇಲ್ಲದ ಕಡೆ ನಡೆದು ನೋಡುವುದೇನನ್ನು? ಆಕ್ಷೇಪ ಸಣ್ಣದಲ್ಲ. ಆದರೆ ಆ ಖಾಲಿಯೇ ಸಾಕ್ಷಿ. ಕೋಟೆಯ ಪೂರ್ವದ ಬಾಗಿಲ ಬಳಿ ಎರಡು ಮಿನಾರುಗಳ ಜುಮ್ಮಾ ಮಸೀದಿ ದಾಟಿ ಹೊರಬಿದ್ದವರಿಗೆ ಸ್ವಲ್ಪ ದೂರದಲ್ಲಿ ಮನೆಗಳು ತೆಳುವಾಗುತ್ತವೆ, ಹೊಲ ತೆರೆದುಕೊಳ್ಳುತ್ತದೆ, ಮತ್ತೆ ಗಂಜಾಂನಲ್ಲಿ ಊರು ಕಾಣಿಸಿಕೊಳ್ಳುತ್ತದೆ. 1792ರಲ್ಲಿ ಇಂಗ್ಲಿಷರ ದಂಡನಾಯಕ ಕಾರ್ನ್‌ವಾಲಿಸ್‌ನ ಸೇನೆ ದ್ವೀಪದ ಪೂರ್ವ ಭಾಗ ಹಿಡಿದು, ಮುತ್ತಿಗೆಯ ಸಾಮಗ್ರಿಗಾಗಿ ಲಾಲ್‌ಬಾಗಿನ ಮರಗಳನ್ನು ಕಡಿಯಿತು. 1799ರಲ್ಲಿ ರಾಜಧಾನಿ ಮೈಸೂರಿಗೆ ಹೋಯಿತು, ಅದರೊಡನೆ ಕಚೇರಿ, ಕಸುಬು, ವ್ಯಾಪಾರ ಹೊರಟವು. ದ್ವೀಪ ಕಂಪನಿಯ ಪಾಲಾಯಿತು. ಅವರ ಪಡೆಯನ್ನು ಇಲ್ಲಿನ ಜ್ವರ ಹಿಡಿದು ಹಣ್ಣುಮಾಡಿತು. 1809ರಲ್ಲಿ ಬೆಂಗಳೂರಿನ ದಂಡು ಪ್ರದೇಶ ಹುಟ್ಟಿಕೊಂಡದ್ದಕ್ಕೆ, ಪಡೆ ಕ್ರಮೇಣ ಅಲ್ಲಿಗೆ ತೆರಳಿದ್ದಕ್ಕೆ ಈ ಜ್ವರ ದೊಡ್ಡ ಕಾರಣ. ಬೆಂಗಳೂರು ಬೆಳೆದ ಕಥೆಯ ಒಂದು ಬೇರು ಈ ದ್ವೀಪದ ಸೊಳ್ಳೆಯಲ್ಲಿದೆ. ಹಳೆಯ ಹೆದ್ದಾರಿಯಿಂದ ತುಸು ಒಳಗೆ, ಹೊಳೆಯ ಬದಿಗಿರುವ ದಂಡಿನ ಸ್ಮಶಾನದಲ್ಲಿ ಆ ಕಾಲದ ನೂರಾರು ಗೋರಿಗಳಿವೆ, ಸ್ವಿಟ್ಜರ್ಲೆಂಡಿನ ಡಿ ಮ್ಯೂರಾನ್ ಪಡೆಯವರದ್ದೂ ಸೇರಿ. ಒಂದೂವರೆ ಲಕ್ಷದ ಊರು ಹೇಗೆ ಕರಗಿತೆಂಬುದನ್ನು ಆ ಗೋರಿಗಳಿಂದ ಗಂಜಾಂವರೆಗಿನ ದಾರಿ ತಿಳಿಸಿದಷ್ಟು ಯಾವ ಸಂಗ್ರಹಾಲಯವೂ ತಿಳಿಸಲಾರದು. ಕಾರಿನಲ್ಲಿ ಆ ದಾರಿ ಐದು ನಿಮಿಷ. ಐದು ನಿಮಿಷದಲ್ಲಿ ಹಾದುಹೋಗುವ ಹೊಲ ಬರಿಯ ಹೊಲ.

ದರಿಯಾ ದೌಲತ್ತಿಗೆ ಮಾತ್ರ ಎಷ್ಟು ಹೊತ್ತು ಕೊಟ್ಟರೂ ಕಡಿಮೆ. 1784ರಲ್ಲಿ ತೇಗದಲ್ಲಿ ಕಟ್ಟಿದ ಆ ಬೇಸಿಗೆಯ ಅರಮನೆಯ ಪಶ್ಚಿಮದ ಗೋಡೆಯಲ್ಲಿ 1780ರ ಪೊಲ್ಲಿಲೂರು ಯುದ್ಧದ ಚಿತ್ರವಿದೆ, ಸೋತ ಬೈಲಿ ಪಲ್ಲಕ್ಕಿಯೊಳಗೆ ಕುಗ್ಗಿ ಕೂತಿದ್ದಾನೆ. ಬೆಳಗ್ಗೆ ಉತ್ತರದ ಗೋಡೆಯ ಸೆರೆಮನೆಯಲ್ಲಿ ಕಂಡ ಹೆಸರೂ ಅವನದೇ. ಅವನು ಸೆರೆಯಲ್ಲೇ 1782ರಲ್ಲಿ ಸತ್ತ. ನಡೆದು ಬಂದವರಿಗೆ ಸೆರೆಮನೆಯ ಕಲ್ಲು ಇನ್ನೂ ಕಣ್ಣಲ್ಲಿರುವಾಗಲೇ ಚಿತ್ರ ಎದುರಾಗುತ್ತದೆ, ಗೆದ್ದವರು ಬರೆಸಿದ್ದೂ ಸೋತವರು ಹೆಸರಿಟ್ಟದ್ದೂ ಒಂದೇ ಹಗಲಿನಲ್ಲಿ ಜೊತೆಗೂಡುತ್ತವೆ. ಮುಂದೆ ಗಂಜಾಂನಲ್ಲಿ 1800ರಲ್ಲಿ ಕಟ್ಟಿದ ಅಬ್ಬೆ ದುಬೋಯ್ ಚರ್ಚು, ಹೊಳೆಯ ಬದಿಗೆ ನಿಮಿಷಾಂಬ ಗುಡಿ, ಅದರಾಚೆ ಗುಂಬಜ್, ಕೊನೆಗೆ ಸಂಗಮ.

ಎರಡನೆಯ ಆಕ್ಷೇಪ ಕಾಲಿನದು. ಕೋಟೆಯ ಮೂಲೆಯಿಂದ ಸಂಗಮಕ್ಕೆ, ಸುತ್ತುಬಳಸು ಸೇರಿ ಏಳೆಂಟು ಕಿಲೋಮೀಟರಾದರೂ ಆಗುತ್ತದೆ. ವಯಸ್ಸಾದವರು, ಮಕ್ಕಳು, ಮೊಣಕಾಲು ನೋವಿನವರು ಏನು ಮಾಡಬೇಕು? ನಡಿಗೆ ಎಂದರೆ ಹರಕೆಯಲ್ಲ. ಕೋಟೆಯೊಳಗಿನ ಭಾಗವನ್ನು ಬೆಳಗ್ಗೆ ನಡೆದು, ಬಿಸಿಲೇರಿದ ಮೇಲೆ ದರಿಯಾ ದೌಲತ್ತಿನ ನೆರಳಿನಲ್ಲಿ ಕೂತು, ಗಂಜಾಂನಿಂದ ಗುಂಬಜ್‌ವರೆಗೆ ಆಟೊ ಹಿಡಿದು, ಕೊನೆಯ ಸಂಗಮದ ದಾರಿಯನ್ನು ಸಂಜೆ ನಡೆದರೆ ಹೆಚ್ಚಿನವರ ಕಾಲಿಗೆ ಅದು ಭಾರವಲ್ಲ. ಕೋಟೆಯೊಳಗನ್ನು ಮಾತ್ರ ಗಾಡಿಯಲ್ಲಿ ನೋಡಬಾರದು, ಅಲ್ಲಿ ದೂರಗಳೇ ವಿಷಯ. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಒಳ್ಳೆಯದು. ಗುಡಿ ಮಧ್ಯಾಹ್ನ ಬಾಗಿಲು ಹಾಕುವುದರಿಂದ ಬೆಳಗ್ಗೆಯೇ ಮುಗಿಸಬೇಕು. ಹೊಳೆ ತುಂಬಿ ಹರಿಯುವುದನ್ನೂ ನೋಡಬೇಕೆನ್ನುವವರು ಕನ್ನಂಬಾಡಿ ಅಣೆಕಟ್ಟೆಯಿಂದ ನೀರು ಬಿಟ್ಟ ದಿನಗಳಲ್ಲಿ ಹೋಗಬಹುದು. ಆದರೆ ಉತ್ತರದ ಕವಲಿನ ಮೇಲೆ ಪೂರ್ಣಯ್ಯ 1804ರಲ್ಲಿ ಕಟ್ಟಿಸಿದ ಕಲ್ಲುಕಂಬಗಳ ವೆಲ್ಲೆಸ್ಲಿ ಸೇತುವೆಯ ಮೇಲೆ ಆಗ ಜನರನ್ನು ಬಿಡುವುದಿಲ್ಲ.

ಮೂರನೆಯ ಮಾತು ಅಭಿವೃದ್ಧಿಯದು: ಊರು ಜನರು ಬಾಳುವ ಜಾಗ, ರೈಲು, ರಸ್ತೆ ಬೇಡವೆನ್ನಲಾಗದು. ನಿಜ. ಬೆಂಗಳೂರು–ಮೈಸೂರು ರೈಲುದಾರಿ 19ನೇ ಶತಮಾನದಿಂದಲೂ ಕೋಟೆಯ ನೆಲವನ್ನು ಸೀಳಿಕೊಂಡೇ ಹೋಗಿದೆ, ನಿಲ್ದಾಣವೂ ಒಳಗೇ ಇದೆ. ಆ ಹಳಿಯನ್ನು ಜೋಡಿಮಾಡುವಾಗ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದು ಅಡ್ಡ ಬಂತು. 2017ರಲ್ಲಿ ಅದನ್ನು ಒಡೆಯದೆ ಇಡಿಯಾಗಿ ಎತ್ತಿ ಸುಮಾರು ನೂರು ಮೀಟರ್ ಆಚೆ ಸರಿಸಿದರು. ಒಡೆಯದೆ ಉಳಿಸಿದ್ದು ಮೆಚ್ಚಬೇಕಾದ ಕೆಲಸ. ಆದರೂ ಕಟ್ಟಡವನ್ನು ಸರಿಸಬಹುದು, ಅದು ಗೋಡೆಗೂ ಬಾಗಿಲಿಗೂ ಇದ್ದ ನಂಟನ್ನು ಸರಿಸಲಾಗದು. 2014ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಭಾರತ ಸೇರಿಸಿದ ಹೆಸರನ್ನು ಗಮನಿಸಬೇಕು: ಶ್ರೀರಂಗಪಟ್ಟಣ ದ್ವೀಪ ಪಟ್ಟಣದ ಸ್ಮಾರಕಗಳು. ದ್ವೀಪ ಪಟ್ಟಣವೆಂದು ಜಗತ್ತಿಗೆ ಹೇಳಿದ ಮೇಲೆ ಊರಿನಲ್ಲೂ ಹಾಗೇ ತೋರಿಸಬೇಕು. 2023ರಲ್ಲಿ ಹೊಸ ಹೆದ್ದಾರಿ ತೆರೆದು ದೂರದ ವಾಹನಗಳು ಊರ ಹೊರಗಿನಿಂದಲೇ ಹೋಗುತ್ತಿವೆ. ಹಳೆಯ ರಸ್ತೆಯ ಭಾರ ಇಳಿದ ಈ ಹೊತ್ತಿನಲ್ಲಿ ಕೋಟೆಗೋಡೆಯ ಗುಂಟ ಮುಳ್ಳು ಸವರಿದ ಕಾಲುದಾರಿ, ಕುಡಿಯುವ ನೀರು, ಶೌಚಾಲಯ, ಕನ್ನಡ ಮತ್ತು ತಮಿಳಿನಲ್ಲಿ ಬರೆದ ಫಲಕ ಇವಿಷ್ಟನ್ನು ಮಾಡಲು ದೊಡ್ಡ ಯೋಜನೆ ಬೇಕಿಲ್ಲ. ದಿನವಿಡೀ ನಡೆಯುವವರು ಊರಿನಲ್ಲೇ ಉಣ್ಣುತ್ತಾರೆ, ಊರಿನಲ್ಲೇ ಎಳನೀರು ಕುಡಿಯುತ್ತಾರೆ. ಒಂದೂವರೆ ಗಂಟೆಯ ಬಸ್ಸಿನಿಂದ ಗಂಜಾಂನ ಅಂಗಡಿಗೆ ಸಿಗುವುದು ಏನೂ ಇಲ್ಲ.

ಕೊಂಗು ಸೀಮೆಯಿಂದ ಹೊರಡುವವರಿಗೆ ಒಂದು ಮಾತು. ದಿಂಬಂ ಘಟ್ಟದಲ್ಲಿ ಹುಲಿಕಾಡಿನ ಕಾರಣಕ್ಕೆ ರಾತ್ರಿ ವಾಹನ ಸಂಚಾರಕ್ಕೆ ನಿರ್ಬಂಧವಿದೆ, ಅದೇ ದಿನ ಹೋಗಿ ಬರುವ ಓಟಕ್ಕೆ ಮೈಸೂರೂ ಸಿಗುವುದಿಲ್ಲ, ಪಟ್ಟಣವೂ ಸಿಗುವುದಿಲ್ಲ. ರಾತ್ರಿ ಮೈಸೂರಿನಲ್ಲೋ ಪಟ್ಟಣದಲ್ಲೋ ಉಳಿಯಿರಿ. ಬೆಳಗ್ಗೆ ಆರಕ್ಕೆ ಕೋಟೆಯ ವಾಯವ್ಯ ಮೂಲೆಯಲ್ಲಿ, ಹೊಳೆಯ ಕಡೆ ಮುಖಮಾಡಿ ನಿಲ್ಲಿ. ಅಲ್ಲಿಂದ ಪೂರ್ವಕ್ಕೆ ನಡೆಯಿರಿ. ಸಂಜೆಯ ಹೊತ್ತಿಗೆ ಬೆಳಗ್ಗೆ ಎರಡಾಗಿ ಹರಿಯುತ್ತಿದ್ದ ಅದೇ ನೀರು ಸಂಗಮದಲ್ಲಿ ಒಂದಾಗಿ ನಿಮ್ಮ ತಮಿಳುನಾಡಿನ ಕಡೆಗೆ ಹೋಗುತ್ತಿರುತ್ತದೆ.